ಮೇಷ್ಟ್ರ ಕುತ್ತಿಗೆಯ ಮೇಲಿನ ಗುರುತು

ನನ್ನ ಮಾವನನ್ನು ಊರವರೆಲ್ಲ ಬ್ರೇಕ್ ಮೇಷ್ಟ್ರು ಎಂದೇ ಕರೆಯುವುದು. ಮಾವ ಎಂದರೆ ಅಪ್ಪನ ಅಕ್ಕನ ಗಂಡ. ಕಾರು ಕಲಿಸುವುದು ಅವರ ಕೆಲಸ. ಪೆಟ್ರೋಲ್ ಬಂಕಿನ ಹಿಂದಿನ ಓಣಿಯಲ್ಲಿ, ಇಸ್ತ್ರಿ ಅಂಗಡಿಯ ಮಹಡಿಯ ಮೇಲೆ ಅವರ ಡ್ರೈವಿಂಗ್ ಸ್ಕೂಲು. ಸ್ಕೂಲು ಎಂದರೆ ಒಂದು ಮೇಜು, ರಸ್ತೆ ಚಿಹ್ನೆಗಳ ಬಣ್ಣ ಮಾಸಿದ ಪಟ, ಕೆಳಗೆ ನಿಂತಿರುವ ಬಿಳಿ ಕಾರು, ಅಷ್ಟೆ. ಆ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕು, ಪಕ್ಕದ ಸೀಟಿನಲ್ಲಿ ಕೂರುವ ಮಾವನ ಕಾಲ ಬಳಿ ಇನ್ನೊಂದು. ಆ ಎರಡನೇ ಬ್ರೇಕಿನ ನಂಬಿಕೆಯ ಮೇಲೆಯೇ ಊರಿನ ಅರ್ಧ ಜನ ಕಾರು ಕಲಿತದ್ದು.

ಅವರು ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಒಬ್ಬ ಹೆಂಗಸು ಕಾರನ್ನು ಹಿಂದಕ್ಕೆ ತೆಗೆಯಲು ಹೋಗಿ ಪೊಲೀಸ್ ಠಾಣೆಯ ಗೇಟಿಗೇ ಗುದ್ದಿದಳು. ಮಾವ ಕನ್ನಡಕ ಸರಿಮಾಡಿಕೊಂಡು, "ಒಳ್ಳೆ ಕಡೆನೇ ಗುದ್ದಿದ್ರಿ ಬಿಡಮ್ಮ, ಪೊಲೀಸ್ನೋರು ಬರೋವರೆಗೂ ಕಾಯೋ ಕೆಲಸ ಇಲ್ಲ" ಎಂದರಂತೆ. ಕಾಲು ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೂ, ಟಿವಿಯಲ್ಲಿ ಕಾರುಗಳು ಅಟ್ಟಿಸಿಕೊಂಡು ಹೋದರೂ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು: "ಮದುವೆ ದಿನ ನನ್ನ ಪಕ್ಕ ನಿಂತ್ಕೊಂಡೂ ಬ್ರೇಕ್ ಒತ್ತುತಿದ್ರು. ಆಗಲೇ ನಾನು ಅರ್ಥ ಮಾಡ್ಕೋಬೇಕಿತ್ತು."

ನನ್ನ ಅಪ್ಪನದು ಕಟಿಂಗ್ ಶಾಪು. ಎರಡು ಕುರ್ಚಿ, ಗೋಡೆಯುದ್ದ ಕನ್ನಡಿ, ಮತ್ತು ಎಡೆಬಿಡದ ಮಾತು. ಮಾವ ಎಷ್ಟು ಮೌನಿಯೋ ಅಪ್ಪ ಅಷ್ಟು ವಾಚಾಳಿ. ಭಾವ ಭಾಮೈದ ಇಬ್ಬರೂ ಒಬ್ಬರ ಕಾಲನ್ನೊಬ್ಬರು ಎಳೆಯದೆ ಒಂದು ದಿನ ಕಳೆದವರಲ್ಲ. ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅಪ್ಪ ಮಾವನಿಗೆ ಶೇವ್ ಮಾಡುತ್ತಿದ್ದ. ಮದುವೆಯಾದ ವರ್ಷದಿಂದ ನಡೆದುಬಂದದ್ದು ಅದು. ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಕೈಗೆತ್ತಿಕೊಂಡ ಮೇಲೆಯೇ ಅಪ್ಪ ತನ್ನ ದೂರುಗಳನ್ನೆಲ್ಲ ಶುರು ಮಾಡುವುದು. ಆಗ ಭಾವ ಎದುರು ಮಾತಾಡುವ ಹಾಗಿರಲಿಲ್ಲವಲ್ಲ.

ಆ ವರ್ಷ ಚಳಿಗಾಲದಲ್ಲಿ ಮಾವನಿಗೆ ಕೆಮ್ಮು ಹಿಡಿಯಿತು. ಅತ್ತೆ ಡಾಕ್ಟರ ಹತ್ತಿರ ಹೋಗೋಣವೆಂದರೆ, "ರಸ್ತೆ ಧೂಳು ಕಣೇ" ಎಂದು ಹಾರಿಸಿಬಿಟ್ಟರು. ಜ್ವರ ಬಂದದ್ದನ್ನು ಹೇಳಲೇ ಇಲ್ಲ. ಒಂದು ಬೆಳಿಗ್ಗೆ ಶಾಲೆಯ ಟೀಚರೊಬ್ಬರಿಗೆ ಕಾರು ಕಲಿಸುತ್ತಿದ್ದಾಗ, "ಈಗ ಗೇರು..." ಎಂದವರು ಮಾತು ಮುಗಿಸಲಾಗದೆ ಬಾಯಿ ತೆರೆದು ಉಸಿರಿಗೆ ತಡಕಾಡತೊಡಗಿದರು. ಟೀಚರು ತಿರುಗಿ ನೋಡಿದರೆ ತುಟಿ ನೀಲಿಯಾಗಿತ್ತು. ಆಕೆ ಕಲಿತಿದ್ದದ್ದು ಎರಡನೇ ಗೇರಿನವರೆಗೆ ಮಾತ್ರ. ಎರಡನೇ ಗೇರಿನಲ್ಲೇ, ಹಾರ್ನ್ ಮೇಲಿನ ಕೈ ತೆಗೆಯದೆ, ಊರಿನ ಆ ತುದಿಯ ದೊಡ್ಡ ಆಸ್ಪತ್ರೆಯವರೆಗೆ ಕಾರು ಓಡಿಸಿಕೊಂಡು ಹೋದರು. ಎಂಜಿನ್ ಅರಚುತ್ತಿತ್ತಂತೆ. "ನಂಗೆ ಅದಲ್ಲ ಭಯ ಆಗಿದ್ದು" ಎಂದು ಆಮೇಲೆ ಟೀಚರು ನನಗೆ ಹೇಳಿದರು. "ಎರಡು ಸಿಗ್ನಲ್ ಹಾರಿಸಿದೆ, ಒಂದು ಲಾರಿಗೆ ಅಡ್ಡ ಹೋದೆ. ಮೇಷ್ಟ್ರು ಒಂದು ಸಲಾನೂ ಬ್ರೇಕ್ ಒತ್ತಲಿಲ್ಲ."

ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಹರಡಿತ್ತು. ಮೊದಲು ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ ನೋಡಿದರು. ಸಾಕಾಗಲಿಲ್ಲ. ಸಂಜೆಯ ಹೊತ್ತಿಗೆ ನಿದ್ದೆ ಬರಿಸಿ, ಗಂಟಲಿಗೆ ಕೊಳವೆ ಇಳಿಸಿ, ವೆಂಟಿಲೇಟರ್‌ಗೆ ಜೋಡಿಸಿದರು. ಐಸಿಯುವಿನ ಡಾಕ್ಟರಮ್ಮ ಹೊರಗೆ ಬಂದು ನಮ್ಮ ಜೊತೆ ಬೆಂಚಿನ ಮೇಲೇ ಕೂತರು. ಚಿಕ್ಕ ವಯಸ್ಸಿನವರು, ಕಣ್ಣಲ್ಲಿ ನಿದ್ದೆಯಿಲ್ಲದ ಕೆಂಪು.

"ಆ ಮಿಷನ್ ಕಾಯಿಲೆ ವಾಸಿ ಮಾಡಲ್ಲ" ಎಂದರು. "ಔಷಧಿ ಕೆಲಸ ಮಾಡೋವರೆಗೂ ಉಸಿರಾಡೋ ಭಾರಾನ ತಾನು ಹೊತ್ಕೊಳ್ಳತ್ತೆ, ಅಷ್ಟೆ."

"ಉಳೀತಾರಾ ಡಾಕ್ಟ್ರೇ?" ಎಂದರು ಅತ್ತೆ.

"ಇಷ್ಟು ಕೆಟ್ಟ ಸ್ಥಿತೀಲಿ ಬಂದೋರು ಎಲ್ಲರೂ ಉಳಿಯಲ್ಲಮ್ಮ. ಸುಳ್ಳು ಹೇಳಲ್ಲ. ಆದರೆ ಉಳಿದು ಮನೆಗೆ ನಡ್ಕೊಂಡು ಹೋದೋರೂ ತುಂಬ ಜನ ಇದಾರೆ. ಇವರನ್ನೂ ಅವರ ಜೊತೆ ಸೇರಿಸೋಕೆ ನೋಡೋಣ."

ಅತ್ತೆ ತಲೆಯಾಡಿಸಿದರು.

ದಿನಕ್ಕೆರಡು ಹೊತ್ತು ನಮ್ಮನ್ನು ಒಳಗೆ ಬಿಡುತ್ತಿದ್ದರು. ಹಸಿರು ಗೌನು, ಕೈಗೆ ಘಾಟು ವಾಸನೆಯ ದ್ರವ. ಸಾಲು ಮಂಚಗಳ ತುದಿಯಲ್ಲಿ, ಗೋಡೆ ಪಕ್ಕದ್ದು ಮಾವನದು. ಯಂತ್ರ ಹಿಸ್ ಎಂದು ಗಾಳಿ ಒತ್ತುತ್ತಿತ್ತು, ಎದೆ ಏರುತ್ತಿತ್ತು. ಯಂತ್ರ ಬಿಡುತ್ತಿತ್ತು, ಎದೆ ಇಳಿಯುತ್ತಿತ್ತು. ಕೊಳವೆ ಕೀಳಲು ಹೋಗಿದ್ದರೆಂದು ಕೈಗಳನ್ನು ಮೆತ್ತನೆಯ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಅಪ್ಪ ಆ ಕಟ್ಟಿನ ಮೇಲೆಯೇ ಕೈಯಿಟ್ಟು ಹಿಡಿದುಕೊಳ್ಳುತ್ತಿದ್ದ.

ಕೆಲವು ದಿನಕ್ಕೆ ಒಂದು ಸಣ್ಣ ತೊಂದರೆ ಎದುರಾಯಿತು. ಕೊಳವೆ ಜಾರದಂತೆ ಕೆನ್ನೆಗೆ ಅಂಟಿಸುವ ಟೇಪು, ಬೆಳೆದ ಗಡ್ಡದ ಮೇಲೆ ನಿಲ್ಲುತ್ತಿರಲಿಲ್ಲ. ಸಿಸ್ಟರು ಗೊಣಗುತ್ತಿದ್ದರು. ಎತ್ತರದ ಮೈಕಟ್ಟಿನ, ಯಾರಿಗೂ ಹೆದರದ ಹೆಂಗಸು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು.

"ಸಿಸ್ಟರ್, ಅದು ನನ್ನ ಕೆಲಸ" ಎಂದ ಅಪ್ಪ. "ಬೇರೆ ಯಾರು ಮುಟ್ಟಿದ್ರೂ ನಮ್ಮ ಭಾವಂಗೆ ಸರಿಹೋಗಲ್ಲ."

ಅವರು ಅವನನ್ನು ಮೇಲಿಂದ ಕೆಳಗೆ ನೋಡಿ, ಡಾಕ್ಟರಮ್ಮನನ್ನು ಕೇಳಿ ಒಪ್ಪಿದರು. ಆಸ್ಪತ್ರೆಯ ಟ್ರಿಮ್ಮರನ್ನೇ ಕೊಟ್ಟರು. ದೊಡ್ಡ ಸಿಸ್ಟರ್ ಕೊಳವೆಯನ್ನು ತಮ್ಮ ಕೈಯಲ್ಲೇ ಬಿಗಿಯಾಗಿ ಹಿಡಿದುಕೊಂಡರು. ಅಪ್ಪ ಮುಖದ ಮೇಲೆ ಬಾಗಿ, ಕೆನ್ನೆ, ಗದ್ದ, ಕುತ್ತಿಗೆ ಎಲ್ಲ ನುಣ್ಣಗೆ ತೆಗೆದ. ತೆಗೆಯುವಷ್ಟು ಹೊತ್ತೂ ಮಾತು: "ಕದಲಬೇಡಿ ಭಾವ. ಈಗ ನಿಮ್ಮ ಬಾಯಿಗೆ ಬೀಗ ಬಿದ್ದಿದೆ, ನಾನು ಹೇಳಿದ್ದೇ ಮಾತು. ಹೋದ ತಿಂಗಳು ನನ್ನ ಕೊಡೆ ತಗೊಂಡು ಹೋದ್ರಲ್ಲ, ಎಲ್ಲಿ?" ದೊಡ್ಡ ಸಿಸ್ಟರ್ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಶ್ವಾಸಕೋಶ ತುಸು ತಿಳಿಯಾಯಿತು. ಆದರೆ ಯಂತ್ರದ ಸಹಾಯ ಕಡಿಮೆ ಮಾಡಿದಾಗಲೆಲ್ಲ ಮಾವ ಬೆವತು ಏದುಸಿರು ಬಿಡುತ್ತಿದ್ದರು. ಬಹಳ ದಿನ ಮಲಗಿದವರಿಗೆ ಎದೆಯ ಸ್ನಾಯುಗಳೂ ಸೊರಗುತ್ತವಂತೆ. ಬಾಯಿಯ ಕೊಳವೆ ಇನ್ನೂ ವಾರಗಟ್ಟಲೆ ಇಡುವುದು ಬೇಡ ಎಂದು, ಕುತ್ತಿಗೆಯ ಬುಡದಲ್ಲಿ ಸಣ್ಣ ರಂಧ್ರ ಮಾಡಿ ಅಲ್ಲಿಂದ ಚಿಕ್ಕ ಕೊಳವೆ ಹಾಕಲು ತೀರ್ಮಾನಿಸಿದರು. ಹಾಗೆ ಮಾಡಿದರೆ ನಿದ್ದೆಯ ಔಷಧಿಯನ್ನೂ ಕಡಿಮೆ ಮಾಡಬಹುದಿತ್ತು. ಅತ್ತೆ ಒಪ್ಪಿದರು. ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಒಬ್ಬರು ಅದನ್ನು ಮಾಡಿದರು. ಅಪ್ಪ ಅವತ್ತು ಅಂಗಡಿಯಲ್ಲಿದ್ದ.

ಔಷಧಿ ಕಡಿಮೆ ಮಾಡಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ನನ್ನ ರಟ್ಟೆ ಹಿಡಿದು ಅಲ್ಲಾಡಿಸಿದರು. "ಕಾಲು ನೋಡೇ, ಕಾಲು!" ಹೊದಿಕೆಯ ಕೆಳಗೆ ಮಾವನ ಬಲಪಾದ ಮಂಚದ ತುದಿಯ ಹಲಗೆಯನ್ನು ಒತ್ತುತ್ತಿತ್ತು. ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. "ಬ್ರೇಕ್ ಹಾಕ್ತಿದಾರೆ ಕಣೇ! ನಮ್ಮನೆಯವರು ವಾಪಸ್ ಬಂದ್ರು!" ಅತ್ತೆ ಅತ್ತರು, ನಕ್ಕರು, ಮತ್ತೆ ಅತ್ತರು. ನಾವೂ ನಕ್ಕೆವು. ಆ ಕಾಲು ಯಾಕೆ ಒತ್ತುತ್ತಿತ್ತೆಂದು ನಮಗೆ ಗೊತ್ತಾದದ್ದು ಎಷ್ಟೋ ಆಮೇಲೆ.

ಮುಂದಿನದು ಸಾವಕಾಶದ ಕೆಲಸ. ದಿನವೂ ಬೆಳಿಗ್ಗೆ ಯಂತ್ರದ ಸಹಾಯ ಸ್ವಲ್ಪ ಇಳಿಸುವುದು, ಸುಸ್ತಾದರೆ ಮತ್ತೆ ಏರಿಸುವುದು. ಫಿಸಿಯೋ ಹುಡುಗಿ ಬಂದು, ಕೊಳವೆಗಳ ಸಮೇತ ಅವರನ್ನು ಮಂಚದ ಅಂಚಿನಲ್ಲಿ ಕೂರಿಸುತ್ತಿದ್ದಳು. ಕತ್ತು ನಿಲ್ಲುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಒಬ್ಬರು ನಿವೃತ್ತ ಗುಮಾಸ್ತರಿದ್ದರು, ಅದೇ ಕಾಯಿಲೆ, ಅದೇ ಥರದ ಯಂತ್ರ. ಅವರ ಹೆಂಡತಿಯೂ ಅತ್ತೆಯೂ ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಒಂದು ದಿನ ಹೋದಾಗ ಆ ಮಂಚದ ಮೇಲೆ ಯಾರೂ ಇರಲಿಲ್ಲ, ಹೊಸ ಚಾದರ ಹಾಸಿದ್ದರು. ಅತ್ತೆ ಮಾವನ ಹತ್ತಿರ ಹೋಗುವ ಮೊದಲು ಆ ಹೆಂಗಸನ್ನು ಹುಡುಕಿಕೊಂಡು ಹೋಗಿ ಬಹಳ ಹೊತ್ತು ಅವರ ಜೊತೆ ಕೂತಿದ್ದರು.

ಮಾವ ಯಂತ್ರವಿಲ್ಲದೆ ಇಡೀ ದಿನ ಉಸಿರಾಡಿದರು. ಆಮೇಲೆ ಇಡೀ ರಾತ್ರಿ. ಕುತ್ತಿಗೆಯ ಕೊಳವೆ ತೆಗೆದು, ರಂಧ್ರದ ಮೇಲೆ ಬಟ್ಟೆ ಅಂಟಿಸಿ, "ಇಲ್ಲಿ ಬೆರಳೊತ್ತಿ ಮಾತಾಡಿ ನೋಡಿ" ಎಂದರು ಡಾಕ್ಟರಮ್ಮ. ನಾವೆಲ್ಲ ಸುತ್ತ ನಿಂತಿದ್ದೆವು. ಮಾವ ಬೆರಳೊತ್ತಿ, ಅಪ್ಪನ ಕಡೆ ನೋಡಿ, ಒಡೆದ ದನಿಯಲ್ಲಿ ಹೇಳಿದ ಮೊದಲ ಮಾತು:

"ಇವನನ್ನ ಹೊರಗೆ ಕಳಿಸಿ."

ಅಪ್ಪ ಗಹಗಹಿಸಿ ನಕ್ಕ. "ನೋಡಿ, ನಮ್ಮ ಭಾವ ಬಾಯಿ ಬಿಟ್ಟ ಕೂಡಲೇ ಶುರು ಮಾಡ್ಕೊಂಡ್ರು!" ಎಂದ. ಮಾವ ನಗಲಿಲ್ಲ. ಮುಖ ಗೋಡೆಗೆ ತಿರುಗಿಸಿಕೊಂಡರು.

ಮನೆಗೆ ಬಂದ ಮೇಲೂ ಅದೇ. ಮೈ ಅರ್ಧ ಇಳಿದಿತ್ತು. ಬಚ್ಚಲಿಗೆ ಹೋಗಬೇಕಾದರೂ ಅತ್ತೆಯ ಭುಜ ಬೇಕು. ಅಪ್ಪ ಬಂದರೆ ಕೋಣೆಯ ಬಾಗಿಲು ಹಾಕಿಸುತ್ತಿದ್ದರು. ಅಪ್ಪ ಹಣ್ಣು ತಂದು ಹೊಸಿಲ ಮೇಲಿಟ್ಟು, "ಅಕ್ಕಾ, ಇಲ್ಲಿಟ್ಟಿದೀನಿ" ಎಂದು ಕೂಗಿ ಹೋಗುತ್ತಿದ್ದ. ಗಡ್ಡ ಎದೆಯ ಕಡೆ ಇಳಿಯತೊಡಗಿತು. ಮಾವ ಕತ್ತರಿಯನ್ನಾಗಲಿ ರೇಜರನ್ನಾಗಲಿ, ತಮ್ಮ ಕೈಯಲ್ಲಿದ್ದರೂ ಕುತ್ತಿಗೆಯ ಹತ್ತಿರ ತರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಔಷಧಿ ಅಂಗಡಿಗೆ ಹೋದಾಗ ಮಾವ ನನ್ನನ್ನು ಹತ್ತಿರ ಕರೆದರು.

"ನಿಂಗೆ ಹೇಳಬಾರದು ಅಂದ್ಕೊಂಡಿದ್ದೆ. ಆದ್ರೆ ಯಾರಿಗಾದ್ರೂ ಹೇಳಬೇಕು" ಎಂದರು. ದನಿ ಶಾಂತವಾಗಿತ್ತು, ಗೇರ್ ಬದಲಿಸುವುದನ್ನು ವಿವರಿಸುವಾಗಿನ ಹಾಗೇ. "ಒಂದು ಕಾರು. ನಾನು ಪಕ್ಕದ ಸೀಟಲ್ಲಿ. ಕೈ ಎರಡೂ ಕಟ್ಟಿಹಾಕಿದ್ರು. ಇಳಿಜಾರು. ಸ್ಟೇರಿಂಗ್ ಹಿಂದೆ ಯಾರೂ ಇಲ್ಲ. ಎಲ್ಲಿಂದಲೋ ಹಾರ್ನ್ ಕೂಗ್ತಾನೇ ಇದೆ. ಬ್ರೇಕ್ ಒತ್ತುತೀನಿ ಒತ್ತುತೀನಿ, ಹಿಡೀತಾನೇ ಇಲ್ಲ. ಕೂಗೋಣ ಅಂದ್ರೆ ಬಾಯಿಗೆ ಏನೋ ತುರುಕಿದಾರೆ. ಆಗ ನಿಮ್ಮಪ್ಪ ಬಂದ. ಕೈಯಲ್ಲಿ ಗುಯ್ ಅನ್ನೋ ಗರಗಸ. ನನ್ನ ಮೇಲೆ ಬಾಗಿ, ಏನೋ ಹೇಳಿ ನಗ್ತಾ ನಗ್ತಾ ಕುತ್ತಿಗೆ ಕೊಯ್ದ."

"ಮಾವ, ಅದು ಔಷಧಿ ಅಮಲಿನಲ್ಲಿ..."

"ಕನಸು ಅಂತೀಯಾ? ಇದು?" ಗಡ್ಡ ಎತ್ತಿ ಕುತ್ತಿಗೆಯ ಗುಳಿಯಲ್ಲಿದ್ದ ಕೆಂಪು ಗುರುತು ತೋರಿಸಿದರು. ನಡೆದದ್ದನ್ನು ನಾನು ಮೊದಲಿಂದ ಕೊನೆಯವರೆಗೆ ಹೇಳಿದೆ. ಮಾವ ನನ್ನ ತಲೆ ಸವರಿ, "ನೀನು ಅವನ ಮಗಳು. ಹಾಗೇ ಹೇಳಬೇಕು" ಎಂದರು.

ಹಲಗೆಯನ್ನು ಒತ್ತುತ್ತಿದ್ದ ಆ ಕಾಲು ನೆನಪಾಯಿತು. ನಾವು ಸುತ್ತ ನಿಂತು ನಗುತ್ತಿದ್ದಾಗ ಆ ಮನುಷ್ಯ ಬ್ರೇಕಿಲ್ಲದ ಕಾರಿನಲ್ಲಿ ಇಳಿಜಾರಿನಲ್ಲಿ ಹೋಗುತ್ತಿದ್ದರು.

ಅತ್ತೆಗೂ ಅಪ್ಪನಿಗೂ ಇದನ್ನು ಹೇಳಿದೆ. ಅಪ್ಪ, "ಕಾಯಿಲೆ ಮಾತಾಡ್ತಿರೋದು, ಭಾವ ಅಲ್ಲ" ಎಂದ. ಆದರೆ ಅಂಗಡಿಯಲ್ಲಿ ಅವನ ಮಾತು ನಿಂತುಹೋಯಿತು. ಗಿರಾಕಿಗಳು, "ಯಾಕಣ್ಣ, ಹುಷಾರಿಲ್ವಾ?" ಎಂದು ಕೇಳತೊಡಗಿದರು. ಕತ್ತಿಯ ಕೆಲಸವನ್ನು ಕೆಲಸದವನಿಗೆ ಬಿಟ್ಟ.

ತಪಾಸಣೆಗೆ ಹೋದಾಗ ಡಾಕ್ಟರಮ್ಮ ಎದೆ ನೋಡಿ, ಉಸಿರು ನೋಡಿ, ಎಲ್ಲ ಚೆನ್ನಾಗಿದೆ ಎಂದು, ಕೊನೆಗೆ, "ನಿದ್ದೆ ಬರುತ್ತಾ?" ಎಂದು ಕೇಳಿದರು. ಮಾವ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು. ಅತ್ತೆಗೆ ತಡೆಯಲಾಗಲಿಲ್ಲ. "ಎಲ್ಲಿಂದ ಬರುತ್ತೆ ಡಾಕ್ಟ್ರೇ? ನನ್ನ ತಮ್ಮ ಕುತ್ತಿಗೆ ಕೊಯ್ದ ಅಂತಾರೆ!"

ಡಾಕ್ಟರಮ್ಮ ನಗಲಿಲ್ಲ. ಕುರ್ಚಿಯನ್ನು ಮಾವನ ಹತ್ತಿರಕ್ಕೆ ಎಳೆದುಕೊಂಡರು. "ನಿಮಗೆ ಹುಚ್ಚು ಹಿಡಿದಿಲ್ಲ. ವೆಂಟಿಲೇಟರ್ ಮೇಲಿದ್ದ ಎಷ್ಟೋ ಜನಕ್ಕೆ ಹೀಗಾಗುತ್ತೆ. ಒಬ್ಬರು ಹಡಗಲ್ಲಿದ್ದೆ ಅಂತಾರೆ, ಇನ್ನೊಬ್ಬರು ಜೈಲಲ್ಲಿದ್ದೆ ಅಂತಾರೆ. ಮಿದುಳು ಅರೆನಿದ್ದೇಲಿ ಕೇಳಿದ್ದನ್ನ, ನೋಡಿದ್ದನ್ನ ಸೇರಿಸಿ ಕಥೆ ಕಟ್ಟಿಬಿಡುತ್ತೆ. ಪ್ರಾಣ ಉಳಿಸಿ ಮನೆಗೆ ಕಳಿಸಿದ್ರೆ ನಮ್ಮ ಕೆಲಸ ಮುಗೀತು ಅಂತ ನಾವು ಅಂದ್ಕೊಂಡುಬಿಡ್ತೀವಿ. ತಪ್ಪು. ಬನ್ನಿ, ಆ ಜಾಗ ನೋಡ್ತೀರಾ?"

ಮಾವ ಎದ್ದರು. ಅತ್ತೆ ಒಂದು ಕಡೆ, ನಾನು ಒಂದು ಕಡೆ. ಐಸಿಯು ಬಾಗಿಲು ತೆರೆದಾಗ ಅವರ ರಟ್ಟೆ ಕಲ್ಲಿನ ಹಾಗೆ ಬಿಗಿಯಾಯಿತು. ಅವರ ಹಳೆಯ ಮಂಚ ಖಾಲಿಯಿತ್ತು. ದೊಡ್ಡ ಸಿಸ್ಟರ್ ಬಂದು, "ಓಹೋ, ಯಾರಿದು! ನನ್ನ ಹೊಟ್ಟೆಗೆ ಒದ್ದೋರು!" ಎಂದರು.

"ನಾನಾ?"

"ಮತ್ತೆ? ಒಂದಲ್ಲ, ಎರಡು ಸಲ. ಒಳ್ಳೇ ಶಕ್ತಿ ಇತ್ತು. ಇವರು ಉಳೀತಾರೆ ಅಂತ ನಾನು ಅವತ್ತೇ ಹೇಳ್ದೆ."

ಮಾವ ಕೈ ಮುಗಿಯಲು ಹೋದರು. ಸಿಸ್ಟರ್ ಆ ಕೈಯನ್ನು ಹಿಡಿದು ಮಂಚದ ಮೇಲಿಟ್ಟರು. ಗಾಳಿ ತುಂಬುವ ಹಾಸಿಗೆ ಅದು. ಬೆನ್ನು ಹುಣ್ಣಾಗದಂತೆ ಒಂದು ಮಗ್ಗುಲು ಉಬ್ಬುತ್ತದೆ, ಒಂದು ಮಗ್ಗುಲು ಇಳಿಯುತ್ತದೆ. ಸಿಸ್ಟರ್ ಗುಂಡಿ ಒತ್ತಿದರು. ಕೈಯಡಿಯಲ್ಲಿ ಹಾಸಿಗೆ ನಿಧಾನಕ್ಕೆ ವಾಲಿತು. ಮಾವನ ಕಣ್ಣು ದೊಡ್ಡದಾಯಿತು. "ಇಳಿಜಾರು" ಎಂದರು. ದೂರದ ಮಂಚದ ಯಂತ್ರವೊಂದು ಪೀಂ ಪೀಂ ಎಂದು ಕೂಗಿಕೊಂಡಿತು. "ಹಾರ್ನ್. ಇದೇ ಹಾರ್ನ್."

ಕಾರು, ಗರಗಸದ ಕಥೆಯನ್ನು ನಾನು ಸಿಸ್ಟರಿಗೆ ಚುಟುಕಾಗಿ ಹೇಳಿದೆ. "ಗರಗಸ ಇದೇನಾ ನೋಡಿ" ಎಂದು ಸಿಸ್ಟರ್ ಟ್ರಿಮ್ಮರ್ ತಂದು, ದೂರ ನಿಂತೇ ಚಾಲೂ ಮಾಡಿದರು. ಮಾವ ಒಂದು ಹೆಜ್ಜೆ ಹಿಂದೆ ಸರಿದು ಅತ್ತೆಯ ಕೈ ಹಿಡಿದರು. ಸಿಸ್ಟರ್ ತಕ್ಷಣ ಆರಿಸಿದರು. "ಟೇಪು ನಿಲ್ಲಲ್ಲ ಅಂತ ನಿಮ್ಮ ಭಾಮೈದ ಗಡ್ಡ ತೆಗೆದ್ರು. ಕೊಳವೆ ಹಿಡ್ಕೊಂಡಿದ್ದೋಳು ನಾನು. ಕುತ್ತಿಗೆಗೆ ತೂತು ಮಾಡಿದ್ದು ಎಷ್ಟೋ ದಿನ ಆದ್ಮೇಲೆ, ನಮ್ಮ ಸರ್ಜನ್ನು. ಕೋಪ ಇದ್ರೆ ಅವರ ಮೇಲೆ ತೋರಿಸ್ಕೊಳ್ಳಿ, ಎರಡನೇ ಮಹಡೀಲಿದಾರೆ."

ಮಾವ ಮಂಚದ ತುದಿಯ ಹಲಗೆಯನ್ನು ಕೈಯಿಂದ ಸವರಿ ನೋಡುತ್ತ ನಿಂತರು. ಆಮೇಲೆ ಕೇಳಿದರು: "ಅವನು ಏನೋ ಹೇಳ್ತಿದ್ದ. ನಗ್ತಿದ್ದ. ಏನು ಹೇಳ್ತಿದ್ದ?"

"ಕೊಡೆ ಕೇಳ್ತಿದ್ರು" ಎಂದರು ಸಿಸ್ಟರ್.

ಅಪ್ಪ ಕೆಳಗೆ ಕ್ಯಾಂಟೀನಿನಲ್ಲಿದ್ದ. ಪ್ರತಿ ತಪಾಸಣೆಗೂ ಹೀಗೆ ಹಿಂದೆಯೇ ಬಂದು, ಮಾವನಿಗೆ ಕಾಣದ ಮೂಲೆಯಲ್ಲಿ ಕೂರುತ್ತಿದ್ದ. ಮೊದಲೇ ಗೊತ್ತಿದ್ದವರ ಹಾಗೆ ಮಾವ ಲಿಫ್ಟಿನಿಂದ ಇಳಿದು ಗೋಡೆ ಹಿಡಿದುಕೊಂಡು ಸೀದಾ ಅಲ್ಲಿಗೇ ನಡೆದರು. ಅಪ್ಪ ಗಾಬರಿಯಲ್ಲಿ ಎದ್ದು ನಿಂತ. ಚಹಾ ಚೆಲ್ಲಿತು.

"ಕೂತ್ಕೊಳ್ಳೋ" ಎಂದರು ಮಾವ. ತಾವೂ ಎದುರು ಕೂತು, ಉಸಿರು ಸುಧಾರಿಸಿಕೊಂಡರು. "ನೀನು ಮಾಡಿಲ್ಲ ಅಂತ ನನ್ನ ತಲೆಗೆ ಈಗ ಗೊತ್ತು ಕಣೋ. ಒಳಗಡೆ ಇನ್ನೂ ಗೊತ್ತಾಗಿಲ್ಲ. ಅದಕ್ಕೆ ಸ್ವಲ್ಪ ಟೈಮ್ ಕೊಡು."

"ಎಷ್ಟಾದ್ರೂ ತಗೊಳ್ಳಿ ಭಾವ" ಎಂದ ಅಪ್ಪ. ಮೇಜಿನ ಮೇಲೆ ಹರಿದ ಚಹಾವನ್ನು ಹೆಗಲ ಟವೆಲಿನಿಂದ ಒರೆಸುತ್ತಲೇ ಇದ್ದ.

ಒಳಗಡೆ ಗೊತ್ತಾಗಲು ಬೇಸಿಗೆ ಕಳೆಯಬೇಕಾಯಿತು. ಮೊದಲು ಮಾವ ಅಂಗಡಿಗೆ ಹೋಗಿ ಸುಮ್ಮನೆ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಆಮೇಲೆ ಕುರ್ಚಿಯಲ್ಲಿ ಕೂತು ತಲೆಗೂದಲು ಮಾತ್ರ ಕತ್ತರಿಸಿಕೊಂಡರು, ಕನ್ನಡಿಯಲ್ಲಿ ಅಪ್ಪನ ಕೈಯನ್ನೇ ಕಣ್ಣು ಮಿಟುಕಿಸದೆ ನೋಡುತ್ತ. ಗಡ್ಡಕ್ಕೆ ಕೈ ಹಾಕಿದ ದಿನ ಅರ್ಧಕ್ಕೇ ಬೆವತು, "ಸಾಕು" ಎಂದು ಎದ್ದುಬಿಟ್ಟರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕಾಡು. ಹಾಗೇ ಪೇಟೆಯಲ್ಲಿ ನಡೆದು ಮನೆಗೆ ಬಂದರು. ಅತ್ತೆ ಬಾಗಿಲು ತೆರೆದವರು, "ಅಯ್ಯೋ, ಉಳಿದರ್ಧ ಗಂಡ ಎಲ್ಲಿ?" ಎಂದು ಕೇಳಿದರು. ಮಾವ ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ಮರುದಿನ ಬೆಳಿಗ್ಗೆ ಹೋಗಿ ಉಳಿದದ್ದನ್ನೂ ಮುಗಿಸಿಕೊಂಡು ಬಂದರು. ಕುತ್ತಿಗೆಯ ಹತ್ತಿರ ಬಂದಾಗ ಅಪ್ಪ ಕತ್ತಿ ಇಟ್ಟು, "ಇಲ್ಲಿ ನೀವೇ ಮಾಡ್ಕೊಳ್ಳಿ" ಎಂದನಂತೆ. "ನಾನೇನು ಕಟಿಂಗ್ ಶಾಪ್ ಇಟ್ಟಿದೀನಾ? ಮಾಡೋ" ಎಂದು ಮಾವ ಕಣ್ಣು ಮುಚ್ಚಿದರಂತೆ.

ಈಗ ಮಾವ ಬೆಳಗಿನ ಹೊತ್ತು ಮಾತ್ರ ಕಾರು ಕಲಿಸುತ್ತಾರೆ. ಮಹಡಿ ಹತ್ತುವಾಗ ನಡುವೆ ಒಮ್ಮೆ ನಿಂತು ಇಸ್ತ್ರಿಯವನ ಜೊತೆ ಹವಾಮಾನ ಮಾತಾಡುತ್ತಾರೆ, ಸುಸ್ತಾಗಿದೆ ಎಂದು ಮಾತ್ರ ಒಪ್ಪುವುದಿಲ್ಲ. ದನಿ ಪೂರ್ತಿ ಮರಳಲಿಲ್ಲ. ಕಲಿಯುವವರು ರೇಡಿಯೋ ಆರಿಸಿ, ಉಸಿರು ಬಿಗಿಹಿಡಿದು ಕೇಳಬೇಕು. ಆ ಟೀಚರಿಗೆ ಲೈಸೆನ್ಸ್ ಸಿಕ್ಕಿತು. ಮೂರನೇ ಗೇರಿಗೆ ಹೋಗಲು ಆಕೆಗೆ ಇವತ್ತಿಗೂ ಮನಸ್ಸು ಬರುವುದಿಲ್ಲವಂತೆ.

ಅತ್ತೆಗೂ ಏನೋ ಉಳಿದುಕೊಂಡಿದೆ, ಅದನ್ನು ಅವರು ಯಾವ ಡಾಕ್ಟರಿಗೂ ಹೇಳಿಲ್ಲ. ಹೋದ ವಾರ ಮಧ್ಯಾಹ್ನ ನಾನು ಹೋದಾಗ ಮಾವ ಊಟ ಮಾಡಿ ದಿವಾನದ ಮೇಲೆ ಅಡ್ಡಾಗಿದ್ದರು. ಅತ್ತೆ ಅಡುಗೆಮನೆಯಿಂದ ಸದ್ದಿಲ್ಲದೆ ಬಂದು, ಬಾಗಿ, ಅವರ ಮೂಗಿನ ಕೆಳಗೆ ಅಂಗೈ ಹಿಡಿದು ನಿಂತರು. ನನ್ನನ್ನು ಕಂಡು ನಾಚಿಕೊಂಡರೂ ಕೈ ತೆಗೆಯಲಿಲ್ಲ.

"ಇದೀನಿ ಕಣೇ" ಎಂದರು ಮಾವ, ಕಣ್ಣು ಮುಚ್ಚಿಕೊಂಡೇ. "ಕೈಯಲ್ಲಿ ಈರುಳ್ಳಿ ವಾಸನೆ. ಹೋಗಿ ತೊಳ್ಕೊಂಡು ಬಂದು ನೋಡು."

ಅತ್ತೆ ಹೋಗಿ ಕೈ ತೊಳೆದುಕೊಂಡು ಬಂದರು.